ಒತ್ತು: ಶಾವಿಗೆ ಒರಳಿನಿಂದ ಪಾಲಿಮರ್ ಅಚ್ಚಿನವರೆಗೆ

ಉತ್ತರ ಕರ್ನಾಟಕದಲ್ಲಿ ಗೋಧಿ ಹಿಟ್ಟಿನ ಶಾವಿಗೆಯನ್ನು ಹೊಸೆಯುತ್ತಾರೆ. ಕಳಸ, ಹೊರನಾಡು, ಮೂಡಿಗೆರೆಯ ಕಡೆ ಅಕ್ಕಿಯ ಶಾವಿಗೆಯನ್ನು ಒತ್ತುತ್ತಾರೆ. ಹಾಗಾಗಿಯೇ ಅದು ‘ಒತ್ತು ಶಾವಿಗೆ’. ತಟ್ಟಿದರೆ ರೊಟ್ಟಿ, ಲಟ್ಟಿಸಿದರೆ ಚಪಾತಿ, ಎಳೆದರೆ ತಂತಿ, ಒತ್ತಿದರೆ ಶಾವಿಗೆ, ಚಕ್ಕುಲಿ. ವಸ್ತುವಿನ ಮೇಲೆ ಬಲ ಹೇಗೆ ಬೀಳುತ್ತದೆ ಎನ್ನುವುದನ್ನು ನಮ್ಮ ಅಡುಗೆಮನೆ ಒಂದೊಂದು ಕ್ರಿಯಾಪದದಲ್ಲಿ ವಿಂಗಡಿಸಿಟ್ಟಿದೆ.

‘ಒತ್ತು’ ಅಚ್ಚ ದ್ರಾವಿಡ ಪದ. ತೆಲುಗಿನಲ್ಲೂ ಒತ್ತು; ತಮಿಳಿನಲ್ಲಿ ಒಱ್ಱು. ತಮಿಳಿನ ಱ್ಱಕಾರಕ್ಕೆ ಕನ್ನಡದಲ್ಲಿ ತ್ತಕಾರ ನಿಲ್ಲುವುದು ನಿಯಮದಂತೆಯೇ ಇದೆ: ಅಲ್ಲಿಯ ಚುಱ್ಱು ನಮ್ಮ ಸುತ್ತು, ಅಲ್ಲಿಯ ಪಱ್ಱು ಹಳಗನ್ನಡದ ಪತ್ತು, ಈಗಿನ ಹತ್ತು (ಅಂಟಿಕೊಳ್ಳು). ತಾಗಿಸಿ ಅದುಮುವುದು ಈ ಪದದ ಬೇರು. ಕಾಲು ಒತ್ತುವುದು, ಮುದ್ರೆ ಒತ್ತುವುದು, ಹೆಬ್ಬೆಟ್ಟು ಒತ್ತುವುದು ಇವೆಲ್ಲ ಆ ಬೇರಿಗೆ ಹತ್ತಿರದ ಪ್ರಯೋಗಗಳು. ತಾಗಿದ್ದು ಪಕ್ಕದಲ್ಲಿರುತ್ತದೆ, ಹಾಗಾಗಿ ‘ಒತ್ತಿನಲ್ಲಿ’ ಎಂದರೆ ಪಕ್ಕದಲ್ಲಿ, ‘ಒತ್ತಾಗಿ’ ಎಂದರೆ ದಟ್ಟವಾಗಿ. ಕಾಫಿ ಗಿಡ ಒತ್ತಾಗಿ ನೆಟ್ಟರೆ ಗಾಳಿಯಾಡುವುದಿಲ್ಲ. ಪಕ್ಕದಲ್ಲಿ ನಿಂತು ಆಸರೆಯಾದರೆ ಒತ್ತಾಸೆ, ಮೇಲೆ ಬಿದ್ದರೆ ಒತ್ತಾಯ. ಬೇಲಿಯನ್ನು ಆಚೆಯ ಜಾಗಕ್ಕೆ ಒತ್ತಿದರೆ ಒತ್ತುವರಿ. ಮಲೆನಾಡಿನ ಕಂದಾಯ ಕಡತಗಳಲ್ಲಿ ಇದಕ್ಕಿಂತ ಬಿಸಿಯಾದ ಪದ ಇರಲಾರದು. ಅಕ್ಷರದ ಅಡಿಗೆ ಸೇರಿದ ವ್ಯಂಜನ ಒತ್ತಕ್ಷರ. ಭೌತಶಾಸ್ತ್ರದ ಪಾಠಕ್ಕೆ ಬಂದಾಗ ಪದ ‘ಒತ್ತಡ’ವಾಯಿತು, ಆಸ್ಪತ್ರೆಗೆ ಹೋದಾಗ ‘ರಕ್ತದೊತ್ತಡ’. ಇಷ್ಟೆಲ್ಲ ಊರು ಸುತ್ತಿದ ಪದ ಕಾರ್ಖಾನೆಯ ಬಾಗಿಲಲ್ಲಿ ಮಾತ್ರ ನಿಂತುಬಿಟ್ಟಿತು. ಅಲ್ಲಿ ಅದೇ ಕೆಲಸಕ್ಕೆ ‘ಎಕ್ಸ್‌ಟ್ರೂಷನ್’ ಎನ್ನುತ್ತಾರೆ.

ಕೆಲಸ ಮಾತ್ರ ಅದೇ. ಅಕ್ಕಿಯ ಪಿಷ್ಟ ಪಾಲಿಮರ್: ಗ್ಲೂಕೋಸ್ ಕಣಗಳು ಕೊಂಡಿಯಾಗಿ ಬೆಸೆದ ಉದ್ದುದ್ದ ಸರಪಳಿ. ಬೇಯಿಸಿದಾಗ ಅದು ನೀರು ಹೀರಿ ಅಂಟಾಗುತ್ತದೆ. ಅದಕ್ಕೇ ಬೆಂದ ಹಿಟ್ಟಿನ ಉಂಡೆಯನ್ನು ಬಿಸಿಯಾಗಿರುವಾಗಲೇ ಶಾವಿಗೆ ಒರಳಿಗೆ ಹಾಕಬೇಕು. ಆರಿದರೆ ಒತ್ತುವವರ ತೋಳು ಸೋಲುತ್ತದೆ. ಅಚ್ಚಿನ ತೂತಿನಲ್ಲಿ ಗೋಡೆಗೆ ತಾಗಿದ ಹಿಟ್ಟು ತಡೆಯುತ್ತದೆ, ನಡುವಿನದು ಮುಂದೋಡುತ್ತದೆ. ಈ ಜಗ್ಗಾಟದಲ್ಲಿ ಸರಪಳಿಗಳು ಹರಿವಿನ ದಿಕ್ಕಿಗೆ ಚಾಚಿಕೊಳ್ಳುತ್ತವೆ. ಹೊರಬಂದ ಕೂಡಲೇ ಅವು ಮತ್ತೆ ಮುದುಡಲು ನೋಡುವುದರಿಂದ ಪಾಲಿಮರಿನ ಎಳೆ ತೂತಿಗಿಂತ ತುಸು ದಪ್ಪವಾಗುತ್ತದೆ. ಕಾಫಿ ನರ್ಸರಿಯ ಪಾಲಿಥೀನ್ ಚೀಲ, ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪು ಹುಟ್ಟುವುದೂ ಹೀಗೆ ಕರಗಿಸಿ ಒತ್ತಿಯೇ. ಪಾಲಿಥೀನ್ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1933ರಲ್ಲಿ. ಒತ್ತುವ ಯಂತ್ರ ಅದಕ್ಕಿಂತ ಹಳೆಯದು: ಸೀಸದ ಕೊಳವೆ ಒತ್ತುವ ಯಂತ್ರಕ್ಕೆ ಜೋಸೆಫ್ ಬ್ರಾಮಾ ಎಂಬುವರು ಪೇಟೆಂಟ್ ಪಡೆದದ್ದು 1797ರಲ್ಲಿ.

ಇನ್ನೊಂದು ಒತ್ತು ಇದೆ. ಅದರಲ್ಲಿ ವಸ್ತು ಸಣ್ಣದಾಗುವುದೇ ಇಲ್ಲ. ಸೋವಿಯತ್ ಕಾಲದ ಮಿನ್ಸ್ಕ್‌ನಲ್ಲಿ 1970ರ ದಶಕದಲ್ಲಿ ವಿ. ಎಂ. ಸೆಗಾಲ್ ಲೋಹಕ್ಕಾಗಿ ರೂಪಿಸಿದ ವಿಧಾನ ಅದು. ಎರಡೂ ಕಡೆ ಒಂದೇ ಅಳತೆಯಿರುವ, ನಡುವೆ ಮೊಣಕೈಯಂತೆ ತಿರುಗಿದ ನಾಳದಲ್ಲಿ ಲೋಹದ ಗಟ್ಟಿಯನ್ನು ಒತ್ತುತ್ತಾರೆ. ತಿರುವಿನಲ್ಲಿ ಪದರದ ಮೇಲೆ ಪದರ ಜಾರುತ್ತದೆ. ಮೂಲೆ ಚೂಪಾಗಿದ್ದು ನಾಳದ ಎರಡು ಭಾಗಗಳ ನಡುವಿನ ಕೋನ 90 ಡಿಗ್ರಿಯಾದರೆ ಪ್ರತಿ ಪದರದ ಜಾರುವಿಕೆ ಅದರ ದಪ್ಪದ 2 ಪಟ್ಟು, 120 ಡಿಗ್ರಿಯಾದರೆ ಸುಮಾರು 1.15 ಪಟ್ಟು. ಗಟ್ಟಿಯ ಅಡ್ಡಳತೆ ಹಾಗೇ ಉಳಿಯುವುದರಿಂದ ಅದನ್ನೇ ಮತ್ತೆ ಮತ್ತೆ ಒತ್ತಬಹುದು. ಮುಂದೆ ಇದೇ ವಿಧಾನವನ್ನು ಪಾಲಿಮರಿಗೂ ಹಚ್ಚಿದರು: ಕರಗಿಸದೆ, ಗಟ್ಟಿಯಾಗಿರುವಾಗಲೇ ಅದರ ಒಳಗಿನ ಸರಪಳಿಗಳನ್ನು ಓರಣಗೊಳಿಸುವ ಆಸೆಯಿಂದ.

ಲೆಕ್ಕದ ಮಾದರಿಗೂ ವಸ್ತುವಿಗೂ ಜಗಳ ಶುರುವಾಗುವುದು ಇಲ್ಲೇ. ಮೇಲೆ ಹೇಳಿದ ಸಂಖ್ಯೆಗಳು ಕೇವಲ ಕೋನದಿಂದ ಬಂದವು. ಪಾಲಿಮರಿಗೆ ನೆನಪಿದೆ, ನಾಳದಿಂದ ಹೊರಬಿದ್ದ ಮೇಲೆ ಅದು ಸ್ವಲ್ಪ ಹಿಂದಕ್ಕೆ ಸೆಟೆಯುತ್ತದೆ, ಬಾಗುತ್ತದೆ. ಒತ್ತುವ ವೇಗ, ಶಾಖ, ಗೋಡೆಯ ಘರ್ಷಣೆ, ಮೂಲೆಯ ದುಂಡು ಎಲ್ಲವೂ ಲೆಕ್ಕವನ್ನು ಬದಲಿಸುತ್ತವೆ. ಲೆಕ್ಕ ಎಷ್ಟು ಸರಿ ಎಂದು ನೋಡಲು ಗಟ್ಟಿಯನ್ನು ಸೀಳಿ, ಒಳಮೈಯಲ್ಲಿ ಚೌಕುಳಿ ಗೆರೆ ಕೊರೆದು, ಮತ್ತೆ ಜೋಡಿಸಿ ಒತ್ತುತ್ತಾರೆ. ಬಿಡಿಸಿ ನೋಡಿದಾಗ ಚೌಕಗಳು ಓರೆಯಾಗಿರುತ್ತವೆ. ಎಷ್ಟು ಓರೆ ಎಂಬುದನ್ನು ಅಳೆದು ಕಂಪ್ಯೂಟರ್ ಲೆಕ್ಕಹಾಕಿ ಕೊಟ್ಟ ಚಿತ್ರದ ಪಕ್ಕದಲ್ಲಿಟ್ಟು ತೂಗುತ್ತಾರೆ. ನಡುಭಾಗದಲ್ಲಿ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ತುದಿಗಳಲ್ಲಿ, ಹೊರಮೂಲೆಯ ಅಂಚಿನಲ್ಲಿ ತಪ್ಪುತ್ತದೆ.

ಇದನ್ನೆಲ್ಲ ಹೇಳಲು ಕನ್ನಡಕ್ಕೆ ಹೊರಗಿನಿಂದ ಪದ ತರಬೇಕಾಗಿಲ್ಲ. ನೇರ ಅಚ್ಚಿನದು ‘ಒತ್ತು’, ತಿರುವಿನದು ‘ಕೋನದೊತ್ತು’, ಹೊರಬಂದ ಸರಕು ‘ಒತ್ತೆಳೆ’ ಎಂದರೆ ಐದನೇ ತರಗತಿಯ ಮಗುವಿಗೂ ತಿಳಿಯುತ್ತದೆ. ತಾಂತ್ರಿಕ ಪಠ್ಯ ಬರೆಯುವವರು ಸಂಸ್ಕೃತ ನಿಘಂಟು ತೆರೆಯುವ ಮೊದಲು ಶಾವಿಗೆ ಒರಳಿನ ಹಿಡಿ ತಿರುಗಿಸುವವರನ್ನು ಒಮ್ಮೆ ಕೇಳಲಿ.