ಗಣಕಯಂತ್ರದ ಬೀಗದ ಕೈ ಯಾರ ಬಳಿ? ಖಾಸಗಿತನ ಮತ್ತು ಮುಕ್ತ ತಂತ್ರಾಂಶ: ಒಂದು ಐತಿಹಾಸಿಕ ನೋಟ



ಕುಣಿಗಲ್ ತಾಲ್ಲೂಕಿನ ನಮ್ಮ ಕೊತ್ತಗೆರೆ ಹೋಬಳಿಯಂತಹ ಹಳ್ಳಿಗಾಡಿನಲ್ಲೂ ಇಂದು ಗಣಕಯಂತ್ರವನ್ನು ಮುಟ್ಟದೆ ಓದು ಮುಂದೆ ಸಾಗುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಶುಲ್ಕ, ಕಾಲೇಜಿನ ಪ್ರವೇಶ ಎಲ್ಲವೂ ಅಂತರ್ಜಾಲದ ಮೂಲಕವೇ ಆಗಬೇಕು. ಆಧಾರ್ ಕಾರ್ಡ್, ತಂದೆಯವರ ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್, ಮನೆಯವರ ಭಾವಚಿತ್ರ ಹೀಗೆ ಹಿಂದೆ ಬೀರುವಿನಲ್ಲೋ ಟ್ರಂಕಿನಲ್ಲೋ ಬೀಗ ಹಾಕಿ ಇಡುತ್ತಿದ್ದುದೆಲ್ಲ ಈಗ ಗಣಕಯಂತ್ರದೊಳಗೆ ಸೇರಿದೆ. ಆ ಟ್ರಂಕಿನ ಬೀಗದ ಕೈ ಮನೆಯ ಹಿರಿಯರ ಬಳಿ ಇರುತ್ತಿತ್ತು. ಈ ಗಣಕಯಂತ್ರದ ಬೀಗದ ಕೈ ಯಾರ ಬಳಿ ಇದೆ? ನಮ್ಮಲ್ಲಿ ಎಷ್ಟು ಜನ ಈ ಪ್ರಶ್ನೆಯನ್ನು ಕೇಳಿಕೊಂಡಿದ್ದೇವೆ?

ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ನಮ್ಮ ಕರ್ನಾಟಕದಲ್ಲೇ ನಡೆದಿವೆ ಎಂಬುದು ನಾವೆಲ್ಲ ತಿಳಿಯಬೇಕಾದ ಸಂಗತಿ.

ತಂತಿಯಿಂದ ದೂರವಾಣಿಯವರೆಗೆ

ಬ್ರಿಟಿಷರು 1885ರಲ್ಲಿ ಭಾರತೀಯ ತಂತಿ ಕಾಯ್ದೆಯನ್ನು ಜಾರಿಗೆ ತಂದಾಗಲೇ, ತುರ್ತು ಸಂದರ್ಭಗಳಲ್ಲಿ ಜನರ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟುಕೊಂಡರು. ದೇಶ ಸ್ವತಂತ್ರವಾದ ಮೇಲೂ ಅದೇ ಕಾಯ್ದೆ ಮುಂದುವರಿಯಿತು, ದೂರವಾಣಿಗೂ ಅನ್ವಯವಾಯಿತು.

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ದರೋಡೆ ಪ್ರಕರಣವೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಲಾಗಿತ್ತು. ಆದರೂ ಪೊಲೀಸರು ಅವರ ಮೇಲೆ ಕಣ್ಣಿಟ್ಟು, ರಾತ್ರಿ ವೇಳೆ ಬಂದು ಮನೆಯ ಬಾಗಿಲು ತಟ್ಟುತ್ತಿದ್ದರು. ಅವರು ನ್ಯಾಯಾಲಯದ ಮೊರೆ ಹೊಕ್ಕರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದುಪಡಿಸಿತು. ಆದರೆ ಖಾಸಗಿತನದ ಹಕ್ಕನ್ನು ಸಂವಿಧಾನ ಖಾತರಿಪಡಿಸಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ಬಾಗಿಲು ತಟ್ಟುವುದು ತಪ್ಪು, ದೂರ ನಿಂತು ನೋಡುತ್ತಿರುವುದು ತಪ್ಪಲ್ಲ ಎಂಬಂತಾಯಿತು. ಈ ಮಾತನ್ನು ಓದುಗರು ನೆನಪಿಡಬೇಕು. ಏಕೆಂದರೆ ಗಣಕಯಂತ್ರ ಬಾಗಿಲು ತಟ್ಟುವುದೇ ಇಲ್ಲ.

ಮುಂದೆ 1988ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ರಾಜೀನಾಮೆ ನೀಡಬೇಕಾಯಿತು. ಕದ್ದು ಕೇಳುವುದು ಒಂದು ಸರ್ಕಾರದ ಮುಖ್ಯಸ್ಥರನ್ನೇ ಬದಲಿಸುವಷ್ಟು ಗಂಭೀರ ವಿಷಯ ಎಂದು ಕನ್ನಡ ನಾಡು ಅಂದು ಕಂಡಿತು. 1996ರ ಡಿಸೆಂಬರ್‌ನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ದೂರವಾಣಿ ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. ಗೃಹ ಕಾರ್ಯದರ್ಶಿಯ ಮಟ್ಟದ ಲಿಖಿತ ಆದೇಶ ಇರಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದಿತು.

ಇಲ್ಲೆಲ್ಲ ಕೇಳುವವರು ಯಾರೆಂದು ಗೊತ್ತಿತ್ತು. ಆದೇಶದ ಕಾಗದವೂ ಇರಬೇಕಿತ್ತು, ಉತ್ತರ ಹೇಳಬೇಕಾದ ಅಧಿಕಾರಿಯೂ ಇರುತ್ತಿದ್ದರು. ಗಣಕಯಂತ್ರ ಬಂದಾಗ ಈ ಸ್ಥಿತಿ ಬದಲಾಯಿತು.

ಯಂತ್ರದೊಳಗಿನ ಕಣ್ಣು

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ನಾವು ಒತ್ತುವ ಪ್ರತಿ ಕೀಲಿ, ತೆರೆಯುವ ಪ್ರತಿ ಕಡತ ಅದರ ಮೂಲಕವೇ ಹಾದುಹೋಗಬೇಕು. ಮನೆಯ ಯಜಮಾನನಿಗಿಂತ ಹೆಚ್ಚಾಗಿ ಮನೆಯನ್ನು ಬಲ್ಲ ಕಾವಲುಗಾರ ಎಂದರೆ ತಪ್ಪಾಗಲಾರದು. ನಮ್ಮಲ್ಲಿ ಬಹುತೇಕರ ಗಣಕಯಂತ್ರಗಳಲ್ಲಿರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್.

2013ರ ಜೂನ್‌ನಲ್ಲಿ ಅಮೆರಿಕದ ಎಡ್ವರ್ಡ್ ಸ್ನೋಡನ್ ಅವರು ಬಹಿರಂಗಪಡಿಸಿದ ರಹಸ್ಯ ದಾಖಲೆಗಳು, ದೊಡ್ಡ ಕಂಪನಿಗಳಲ್ಲಿರುವ ಜನರ ಮಾಹಿತಿಯನ್ನು ಅಲ್ಲಿನ ಗುಪ್ತಚರ ಸಂಸ್ಥೆ ಹೇಗೆ ಪಡೆಯುತ್ತಿದೆ ಎಂಬುದನ್ನು ಜಗತ್ತಿಗೆ ತೋರಿಸಿದವು. 2015ರ ಜುಲೈ 29ರಂದು ವಿಂಡೋಸ್ 10 ಬಿಡುಗಡೆಯಾಯಿತು. ಹಳೆಯ ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತವಾಗಿಯೇ ಕೊಟ್ಟರು. ಆದರೆ ಯಂತ್ರದ ಬಳಕೆಯ ವಿವರಗಳು ತಾವಾಗಿಯೇ ಕಂಪನಿಗೆ ಹೋಗುವ ಏರ್ಪಾಡು ಅದರಲ್ಲಿತ್ತು. ದೋಷಗಳನ್ನು ಕಂಡು ಸರಿಪಡಿಸಲು ಇದು ಬೇಕು ಎಂಬುದು ಕಂಪನಿಯ ಸಮರ್ಥನೆ. ಆ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೂ ಫ್ರಾನ್ಸಿನ ಮಾಹಿತಿ ಸಂರಕ್ಷಣಾ ಪ್ರಾಧಿಕಾರವು ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹವಾಗುತ್ತಿದೆ ಎಂದು 2016ರ ಜುಲೈನಲ್ಲಿ ನೋಟಿಸ್ ಕೊಟ್ಟಿತು. ಮರುವರ್ಷ ಕಂಪನಿಯು ಕನಿಷ್ಠ ಹಂತದ ಸಂಗ್ರಹವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಕೇಳುವವರಿದ್ದರೆ ಕಂಪನಿಯೂ ತಗ್ಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

2024ರ ಮೇ 20ರಂದು ಅದೇ ಕಂಪನಿ 'ರೀಕಾಲ್' ಎಂಬ ಹೊಸ ಸೌಲಭ್ಯವನ್ನು ಘೋಷಿಸಿತು. ಪರದೆಯ ಮೇಲೆ ಕಾಣುವುದನ್ನೆಲ್ಲ ಕೆಲವು ಸೆಕೆಂಡುಗಳಿಗೊಮ್ಮೆ ಚಿತ್ರ ತೆಗೆದು ಆ ಯಂತ್ರದಲ್ಲೇ ಜೋಡಿಸಿಟ್ಟು, ಬೇಕಾದಾಗ ಹುಡುಕಿಕೊಡುವುದು ಅದರ ಕೆಲಸ. ಪರೀಕ್ಷಾ ಆವೃತ್ತಿಯಲ್ಲಿ ಆ ಸಂಗ್ರಹಕ್ಕೆ ಸರಿಯಾದ ಬೀಗವಿಲ್ಲ ಎಂದು ತಜ್ಞರು ತೋರಿಸಿದರು. ವಿರೋಧ ಹೆಚ್ಚಿತು, ಬಿಡುಗಡೆ ಮುಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ, ಬಳಸುವವರು ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಬದಲಾಯಿಸಿ, ಆಯ್ದ ಹೊಸ ಮಾದರಿಯ ಯಂತ್ರಗಳಿಗೆ ಅದನ್ನು ನೀಡಲಾಯಿತು. ಹತ್ತು ಜನ ಬಳಸುವ ಒಂದೇ ಯಂತ್ರದಲ್ಲಿ ಇಂತಹ ಸೌಲಭ್ಯ ಚಾಲೂ ಇದ್ದರೆ ಏನಾಗಬಹುದು ಎಂದು ಓದುಗರೇ ಊಹಿಸಿ.

ಕನ್ನಡ ನಾಡಿನ ನ್ಯಾಯಮೂರ್ತಿಗಳು

ಕಾನೂನಿನ ಹಾದಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಅದಕ್ಕೆ ಆಧಾರವಾಗಿ 1954ರ ಎಂಟು ನ್ಯಾಯಮೂರ್ತಿಗಳ ಒಂದು ತೀರ್ಪನ್ನೂ, ಮೇಲೆ ಹೇಳಿದ ಖರಕ್ ಸಿಂಗ್ ತೀರ್ಪನ್ನೂ ಮುಂದಿಟ್ಟಿತು. ಆದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಒಂದೇ ದನಿಯಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರು ದಕ್ಷಿಣ ಕನ್ನಡದ ಬೆಳುವಾಯಿಯವರು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನ ಆ ತೀರ್ಪು ಉಳಿದಿದೆ.

2023ರಲ್ಲಿ ವೈಯಕ್ತಿಕ ಮಾಹಿತಿಯ ಸಂರಕ್ಷಣೆಗೆ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೂ ಮಾಡಿತು. ಆದರೆ ಕಾನೂನು ಇದ್ದ ಮಾತ್ರಕ್ಕೆ ಯಂತ್ರದೊಳಗೆ ನಡೆಯುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಂಡರೆ ತಾನೇ ದೂರು ಕೊಡಲು ಸಾಧ್ಯ?

ತೆರೆದಿಟ್ಟ ತಂತ್ರಾಂಶ

ಒಳಗೆ ನಡೆಯುವುದನ್ನು ಕಾಣುವಂತೆ ಮಾಡಿದ್ದು ಮುಕ್ತ ತಂತ್ರಾಂಶ ಚಳವಳಿ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ತಮ್ಮ ಪ್ರಯೋಗಾಲಯದ ಮುದ್ರಣ ಯಂತ್ರವನ್ನು ಸುಧಾರಿಸಲು ಅದರ ತಂತ್ರಾಂಶದ ಮೂಲ ಬರಹ ಬೇಕಾಗಿತ್ತು. ಅದನ್ನು ಇಟ್ಟುಕೊಂಡಿದ್ದವರು ಕೊಡಲು ನಿರಾಕರಿಸಿದರು. ತನ್ನ ಮುಂದಿರುವ ಯಂತ್ರವನ್ನು ತಾನೇ ಸರಿಪಡಿಸಿಕೊಳ್ಳುವಂತಿಲ್ಲ ಎಂಬ ಸ್ಥಿತಿ ಅವರನ್ನು ಯೋಚನೆಗೆ ಹಚ್ಚಿತು. 1983ರ ಸೆಪ್ಟೆಂಬರ್ 27ರಂದು ಅವರು 'ಗ್ನೂ' ಯೋಜನೆಯನ್ನು ಘೋಷಿಸಿದರು. ಬಳಸುವ, ಒಳಹೊಕ್ಕು ನೋಡುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದು ಅದರ ತತ್ವ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ 'ಲಿನಕ್ಸ್' ಇದಕ್ಕೆ ಜೊತೆಯಾಯಿತು. 2004ರಲ್ಲಿ ಬಂದ 'ಉಬುಂಟು' ಅದನ್ನು ಸಾಮಾನ್ಯರೂ ಬಳಸುವಂತೆ ಸುಲಭ ಮಾಡಿತು.

ಮುಕ್ತವಾದದ್ದೆಲ್ಲ ನಿರ್ದೋಷಿ ಎಂದು ಭಾವಿಸಬೇಡಿ. 2012ರ ಅಕ್ಟೋಬರ್‌ನಲ್ಲಿ ಬಂದ ಉಬುಂಟುವಿನಲ್ಲೇ, ಯಂತ್ರದೊಳಗೆ ಹುಡುಕಲು ನಾವು ಬರೆದ ಪದಗಳು ಹೊರಗೆ ಹೋಗಿ ಅಮೆಜಾನ್ ಅಂಗಡಿಯ ಸರಕುಗಳನ್ನು ತೋರಿಸುವ ವ್ಯವಸ್ಥೆ ಇತ್ತು. ಸ್ಟಾಲ್‌ಮನ್ ಅವರೇ ಅದನ್ನು ಬೇಹುಗಾರಿಕೆ ಎಂದು ಖಂಡಿಸಿದರು. 2016ರ ಆವೃತ್ತಿಯಲ್ಲಿ ಅದು ತಾನಾಗಿ ನಡೆಯುವುದು ನಿಂತಿತು. ತಪ್ಪು ಎಲ್ಲರಿಂದಲೂ ಆಗುತ್ತದೆ. ಮೂಲ ಬರಹ ತೆರೆದಿದ್ದರೆ ಯಾರು ಬೇಕಾದರೂ ಅದನ್ನು ಓದಿ ಪರೀಕ್ಷಿಸಬಹುದು, ತಿದ್ದಿ ತಮ್ಮದೇ ಆವೃತ್ತಿ ಮಾಡಿಕೊಳ್ಳಬಹುದು. ಮುಚ್ಚಿದ್ದರೆ ಕಂಪನಿ ಹೇಳಿದ್ದನ್ನು ನಂಬಬೇಕು, ಅಷ್ಟೇ.

ನಮ್ಮ ನಾಡಿನ ಪ್ರಯತ್ನಗಳು

ಇದೆಲ್ಲ ದೊಡ್ಡ ಊರಿನ ಎಂಜಿನಿಯರುಗಳ ಮಾತು ಎನ್ನುವವರು ಬೆಂಗಳೂರಿನ ಗುರಪ್ಪನಪಾಳ್ಯದತ್ತ ನೋಡಬೇಕು. ಅಲ್ಲಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ನಡೆಸಿದರು. ಕೂಲಿಕಾರರ ಮಕ್ಕಳು ಅಲ್ಲಿ ಗ್ನೂ ಲಿನಕ್ಸ್ ಕಲಿತರು, 'ಗಿಂಪ್' ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದರು. ನಮ್ಮ ರಾಜ್ಯದ ಶಿಕ್ಷಣ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ, ವಿಷಯ ಶಿಕ್ಷಕರ ವೇದಿಕೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟುವಿನಲ್ಲೇ ತರಬೇತಿ ಕೊಡಿಸಿತು. ನೆರೆಯ ಕೇರಳ ಸುಮಾರು ಎರಡು ದಶಕಗಳ ಹಿಂದೆಯೇ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿಕೊಂಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಅವರ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ 'ಬಾಸ್' ಎಂಬ ಲಿನಕ್ಸ್ ಆವೃತ್ತಿಯನ್ನು ಹೊರತಂದಿತು.

ಬೀಗದ ಕೈ ಪರರ ಬಳಿ ಇದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡ ಬರಹವೂ ಅನುಭವಿಸಿದೆ. ಯೂನಿಕೋಡ್ ಬಳಕೆ ಹರಡುವ ಮೊದಲು ನಮ್ಮ ಪತ್ರಗಳು, ಪುಸ್ತಕಗಳು ಬೇರೆ ಬೇರೆ ತಂತ್ರಾಂಶಗಳ ಬೇರೆ ಬೇರೆ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವನ್ನು ತೆರೆದರೆ ಅರ್ಥವಿಲ್ಲದ ಗುರುತುಗಳು ಮಾತ್ರ ಕಾಣುತ್ತಿದ್ದವು. ಬರಹ ನಮ್ಮದಾದರೂ ಓದುವ ಶಕ್ತಿ ಇನ್ನೊಂದು ತಂತ್ರಾಂಶದ ಕೈಯಲ್ಲಿತ್ತು. ಎಲ್ಲರಿಗೂ ತೆರೆದ ಒಂದು ಸಾಮಾನ್ಯ ಮಾನದಂಡ ಬಂದ ಮೇಲೆಯೇ ಆ ತೊಡಕು ಬಿಡಿಸಿಕೊಂಡಿತು.

ನಾವೇನು ಮಾಡಬಹುದು?

ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅನೇಕ ಶಾಲೆ ಮತ್ತು ಮನೆಗಳ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಿ. ಮೊದಲು ನಿಮ್ಮ ಕಡತಗಳ ಪ್ರತಿ ಮಾಡಿ ಬೇರೆಡೆ ಇಡಿ. ಒಂದು ಪೆನ್‌ಡ್ರೈವ್‌ನಿಂದಲೇ ಉಬುಂಟು ಅಥವಾ ಮಿಂಟ್ ನಡೆಸಿ, ಒಗ್ಗಿದರೆ ಮಾತ್ರ ಯಂತ್ರಕ್ಕೆ ಹಾಕಿ. ಪತ್ರ, ಲೆಕ್ಕಪತ್ರಗಳಿಗೆ ಲಿಬ್ರೆ ಆಫೀಸ್, ಅಂತರ್ಜಾಲಕ್ಕೆ ಫೈರ್‌ಫಾಕ್ಸ್ ಇವೆ. ಕನ್ನಡವನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಬಹುದು. ಇವುಗಳಿಗೆ ಹಣ ಕೊಡಬೇಕಿಲ್ಲ, ಕದ್ದ ಪ್ರತಿಯನ್ನೂ ಬಳಸಬೇಕಿಲ್ಲ.

ಅವಸರ ಬೇಡ. ಜರ್ಮನಿಯ ಮ್ಯೂನಿಕ್ ನಗರಾಡಳಿತ ವರ್ಷಗಟ್ಟಲೆ ಶ್ರಮಿಸಿ ಲಿನಕ್ಸ್‌ಗೆ ಬದಲಾಗಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಕಲಿಸುವವರು, ಕೆಟ್ಟಾಗ ನೋಡುವವರು ಊರಿನಲ್ಲೇ ಇದ್ದರೆ ಬದಲಾವಣೆ ನಿಲ್ಲುತ್ತದೆ. ವಿಂಡೋಸ್‌ನಲ್ಲೇ ಇರುವವರು ಅದರ ಖಾಸಗಿತನದ ಆಯ್ಕೆಗಳನ್ನು ತೆರೆದು, ಬೇಡವಾದದ್ದನ್ನು ನಿಲ್ಲಿಸಿ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿದವರು ಆಧಾರ್ ಪ್ರತಿಯನ್ನು ಅಳಿಸಿ, ತಮ್ಮ ಖಾತೆಯಿಂದ ಹೊರಬಂದೇ ಏಳಿರಿ. ಲಿನಕ್ಸ್ ಬಳಸುತ್ತಲೇ ಎಲ್ಲವನ್ನೂ ಜಾಲತಾಣಗಳಲ್ಲಿ ಹಾಕಿದರೆ ಯಾವ ಬೀಗವೂ ಕಾಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಮನೆಯ ಬಾಗಿಲು ತಟ್ಟಿದವರನ್ನು ಖರಕ್ ಸಿಂಗ್ ಪ್ರಶ್ನಿಸಿದರು. ಆ ತೀರ್ಪಿನಲ್ಲಿ ಉಳಿದಿದ್ದ ಕೊರತೆಯನ್ನು ಸರಿಪಡಿಸಲು 55 ವರ್ಷಗಳೇ ಬೇಕಾದವು. ಅದಕ್ಕೆ ಕಾರಣರಾದವರಲ್ಲಿ ಒಬ್ಬರು ನಮ್ಮ ನಾಡಿನ ವೃದ್ಧರು. ಹಕ್ಕನ್ನು ಅವರು ದೊರಕಿಸಿಕೊಟ್ಟಿದ್ದಾರೆ. ಯಂತ್ರದ ಒಳಗನ್ನು ಓದಿ ತಿಳಿಯುವ ವಿದ್ಯೆಯನ್ನು ಸಂಪಾದಿಸುವುದು ನಿಮ್ಮ ಕೆಲಸ. ನಿಮ್ಮಲ್ಲಿ ಇಬ್ಬರು ಅದನ್ನು ಕಲಿತರೂ ಸಾಕು, ಊರಿನವರು ತಮ್ಮ ಗಣಕಯಂತ್ರದ ಬಗ್ಗೆ ಕೇಳಲು ಯಾರ ಬಳಿ ಹೋಗಬೇಕೆಂದು ತಿಳಿಯುತ್ತದೆ.