ಬಿರುಗಾಳಿ, ಬರ ಮತ್ತು ಒಂದು ಪೌಂಡು ಧಾನ್ಯ

1876ರ ಅಕ್ಟೋಬರ್ 31ರ ರಾತ್ರಿ ಬಂಗಾಳದ ಬಾಕರ್‌ಗಂಜ್ ಜಿಲ್ಲೆಗೆ ಚಂಡಮಾರುತ ಅಪ್ಪಳಿಸಿತು. ಅದೇ ವರ್ಷ ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಭೀಕರ ಬರ ಹಿಡಿಯಿತು. ಬಿರುಗಾಳಿಗೆ ತಾರೀಖು ಹೇಳಬಹುದು. ಬರ ಇಂಥ ದಿನ ಶುರುವಾಯಿತೆಂದು ಹೇಳಲಾಗದು. ನಮ್ಮ ಹಿರಿಯರು ಅದನ್ನು ಎರಡು ಸಂವತ್ಸರಗಳ ಹೆಸರು ಸೇರಿಸಿ ‘ಧಾತು ಈಶ್ವರ ಬರ’ ಎಂದು ಕರೆದರು.

ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಈ ಎರಡು ದುರಂತಗಳನ್ನು ಒಟ್ಟಿಗೆ ಓದುವುದಕ್ಕೆ ಕಾರಣ, ಎರಡೂ ಕಡೆ ಕಾಣಿಸಿಕೊಳ್ಳುವ ಒಬ್ಬನೇ ಅಧಿಕಾರಿ: ರಿಚರ್ಡ್ ಟೆಂಪಲ್.

ಮೊದಲು ಪ್ರಕೃತಿಯ ಪಾಲನ್ನು ನೋಡೋಣ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಂಗಾಳಕೊಲ್ಲಿಯ ನೀರು ಇನ್ನೂ ಬೆಚ್ಚಗಿರುತ್ತದೆ. ಆ ಶಾಖವೇ ಚಂಡಮಾರುತದ ಆಹಾರ. ಕೊಲ್ಲಿಯ ಉತ್ತರದ ತುದಿ ಆಲಿಕೆಯಂತೆ ಕಿರಿದಾಗಿದ್ದು ಆಳವೂ ಕಡಿಮೆ. ಗಾಳಿ ತಳ್ಳಿದ ನೀರು ಅಲ್ಲಿ ಗೋಡೆಯಂತೆ ಏಳುತ್ತದೆ. ಮೇಘನಾ ನದಿಯ ಮುಖದಲ್ಲಿದ್ದ ದ್ವೀಪಗಳನ್ನು ಆ ನೀರು ನಿದ್ದೆಯಲ್ಲೇ ನುಂಗಿತು. ಇತ್ತ ದಖ್ಖನ್‌ನಲ್ಲಿ 1876ರ ಮಳೆ ಕೈಕೊಟ್ಟಿತು. ಮರುವರ್ಷ ಶಾಂತಸಾಗರದಲ್ಲಿ ಬಲವಾದ ಎಲ್ ನಿನೊ ಬೆಳೆಯಿತು. ಮಳೆ ತರುವ ಬಿಸಿನೀರು ಪೂರ್ವಕ್ಕೆ ಸರಿದಾಗ ನಮ್ಮ ಮುಂಗಾರು ಸೊರಗುವುದುಂಟು. ಆ ವರ್ಷಗಳಲ್ಲಿ ಉತ್ತರ ಚೀನಾ ಮತ್ತು ಈಶಾನ್ಯ ಬ್ರೆಜಿಲ್‌ಗಳೂ ಒಣಗಿದವು.

ಆದರೆ ಸತ್ತವರೆಲ್ಲರ ಲೆಕ್ಕ ಇಷ್ಟರಿಂದ ಚುಕ್ತಾ ಆಗುವುದಿಲ್ಲ. ಬಾಕರ್‌ಗಂಜ್ ಸುತ್ತಮುತ್ತ ನೀರಿನಲ್ಲಿ ಸತ್ತವರು ಲಕ್ಷಕ್ಕೂ ಹೆಚ್ಚು. ಆಮೇಲೆ ಕಾಲರಾ, ಹಸಿವುಗಳಿಂದ ಹೆಚ್ಚುಕಡಿಮೆ ಅಷ್ಟೇ ಜನ ಸತ್ತರು. ಈ ಎರಡನೆಯ ಸಾವುಗಳಿಗೆ ಗಾಳಿಯನ್ನು ಮಾತ್ರ ದೂರುವಂತಿಲ್ಲ.

ಟೆಂಪಲ್ ಆಗ ಬಂಗಾಳದ ಲೆಫ್ಟಿನೆಂಟ್ ಗವರ್ನರ್. 1873–74ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಸುಮಾರು 4.5 ಲಕ್ಷ ಟನ್ ಅಕ್ಕಿ ತರಿಸಲಾಗಿತ್ತು. ಆ ಪರಿಹಾರ ಕಾರ್ಯದ ಹೊಣೆ ಹೊತ್ತಿದ್ದವನು ಈತನೇ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಅಂದರೆ ಮಳೆ ಹೋದರೂ ಜನರನ್ನು ಉಳಿಸಿಕೊಳ್ಳಬಹುದೆಂದು ಆ ಸರ್ಕಾರಕ್ಕೆ ಗೊತ್ತಿತ್ತು. ಆದರೆ ಅವನಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುವೆಚ್ಚ ಮಾಡಿದನೆಂಬ ಟೀಕೆ.

ಆ ಪಾಠ ಅವನಿಗೆ ಚೆನ್ನಾಗಿ ನಾಟಿತು. ಚಂಡಮಾರುತದ ನಂತರ ಬಾಕರ್‌ಗಂಜ್‌ಗೆ ಹೋಗಿ ಬಂದ ಟೆಂಪಲ್ ನೆರವಿನಲ್ಲಿ ಕೈ ಬಿಗಿಹಿಡಿದ. 1877ರ ಜನವರಿಯಲ್ಲಿ ಬರದ ಉಸ್ತುವಾರಿಗೆಂದು ಅವನನ್ನೇ ದಕ್ಷಿಣಕ್ಕೆ ಕಳಿಸಲಾಯಿತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಒಂದು ಆಣೆ ಸಾಕೆಂದ. ಅಷ್ಟು ತಿಂದು ಮಣ್ಣು ಹೊರುವುದು ಸಾಧ್ಯವಿಲ್ಲವೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದ. ಕೆಲವು ತಿಂಗಳ ನಂತರ ಕೂಲಿ ಏರಿತು. ಈ ನಡುವೆ ದೇಶದಿಂದ ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ.

ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿದ್ದ ಮೈಸೂರಿನ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ 41.9 ಲಕ್ಷ. ಬರದ ಸಾವುಗಳು ದಾಖಲೆಗಳಲ್ಲಿ ಹಲವು ಸಲ ಜ್ವರ, ಭೇದಿ, ಕಾಲರಾ ಎಂಬ ಹೆಸರಿನಲ್ಲಿ ಕೂತಿರುತ್ತವೆ. ಹಸಿವು ಎಂಬ ಪದ ಕಾಣುವುದು ಅಪರೂಪ. ಹಾಗಾಗಿ ನಾನು ಮರಣದ ಪಟ್ಟಿಗಳಿಗಿಂತ ಜನಗಣತಿಯಲ್ಲಿ ಕಾಣೆಯಾದವರನ್ನು ಹೆಚ್ಚು ನಂಬುತ್ತೇನೆ.

ಕ್ಷಾಮ ಆಯೋಗ ವರದಿ ಕೊಟ್ಟಿದ್ದು 1880ರಲ್ಲಿ. ಅದರ ಶಿಫಾರಸಿನಂತೆ ಮುಂದೆ ಕ್ಷಾಮ ಸಂಹಿತೆಗಳು ಬಂದವು. ಬರ ಬಂದಾಗ ಏನು ಮಾಡಬೇಕೆಂಬುದು ಕಾಗದದ ಮೇಲೆ ನಿಯಮವಾಯಿತು. ಬಿಹಾರದಲ್ಲಿ ಆರು ವರ್ಷ ಮೊದಲೇ ಮಾಡಿ ತೋರಿಸಿದ್ದರ ಹಲವು ಭಾಗ ಅದರಲ್ಲಿರಲಿಲ್ಲ.

ಮಳೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಹವಾಮಾನ ವಿಜ್ಞಾನ ಇಂದು ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಬಿಹಾರಕ್ಕೆ ಬಂದ ಅಕ್ಕಿ ಮೂರು ವರ್ಷಗಳ ನಂತರ ಬಳ್ಳಾರಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರವನ್ನು ಕಡತಗಳಲ್ಲೇ ಹುಡುಕಬೇಕು.