ನೆಲಮಾಳಿಗೆಯೂ ನೀರೂ

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಹಿಂದಿನವರು ಜೋಳವನ್ನು ಹಗೇವುಗಳಲ್ಲಿ ಸಂಗ್ರಹಿಸಿಡುತ್ತಿದ್ದುದು ವಾಚಕರಲ್ಲಿ ಬಹುಜನರಿಗೆ ತಿಳಿದ ವಿಷಯವಾಗಿದೆ. ಎತ್ತರವಾದ ಗಟ್ಟಿನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ಹಿರಿದಾಗಿಯೂ ಇರುವಂತೆ ಕುಣಿ ತೋಡಿ, ತಳಕ್ಕೂ ಬದಿಗೂ ಹುಲ್ಲನ್ನು ಒತ್ತಾಗಿ ಹಾಸಿ, ಕಾಳು ತುಂಬಿ, ಬಾಯಿಯನ್ನು ಹುಲ್ಲುಮಣ್ಣುಗಳಿಂದ ಮುಚ್ಚುತ್ತಿದ್ದರು. ಬದಿಗೆ ತಾಗಿದ ಕಾಳು ಪಸೆ ಹಿಡಿದು ಕಪ್ಪಾದರೂ ನಡುವಿನದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಹೋದ ವರ್ಷದಲ್ಲಿ ಊರಿನ ಜನರಿಗೂ ಮಠದ ದಾಸೋಹಕ್ಕೂ ಆ ಕಾಳೇ ಆಧಾರ. ಹಗೇವಿಗೆ ನೀರು ನುಗ್ಗಿತೆಂದರೆ ಮುಂದಿನ ಬರಗಾಲದ ಅನ್ನವೇ ಹೋದಂತೆ. ಆದುದರಿಂದ ನೆಲದೊಳಗಿನ ತಾವನ್ನು ಒಣಗಿರಿಸುವ ವಿದ್ಯೆಯು ಕೇವಲ ಗೃಹಾಲಂಕಾರಕ್ಕೆ ಸೇರಿದುದಲ್ಲ, ಜೀವನೋಪಾಯಕ್ಕೆ ಸೇರಿದುದು.

ಹಗೇವಿನ ಬಲವು ಅದನ್ನು ತೋಡಿದ ಸ್ಥಳದಲ್ಲಿದ್ದಿತು. ಅಂತರ್ಜಲವು ಮೇಲಕ್ಕೆ ಬರುವ ತಗ್ಗಿನಲ್ಲಿ ಹುಲ್ಲಿನ ಹಾಸು ಏನನ್ನೂ ಕಾಯಲಾರದು. ನೆಲದೊಳಗೆ ನಿಂತ ನೀರು ಗೋಡೆಯನ್ನು ತೇವಗೊಳಿಸುವುದಷ್ಟೇ ಅಲ್ಲದೆ ತನ್ನ ಭಾರದಿಂದ ಅದನ್ನು ಒತ್ತುವುದು. ನೀರಿನ ಮಟ್ಟದಿಂದ ಹತ್ತು ಅಡಿ ಕೆಳಗೆ ಈ ಒತ್ತಡವು ಪ್ರತಿಯೊಂದು ಚದರಡಿಯ ಮೇಲೆ ಸುಮಾರು ೨೮೦ ಕಿಲೋಗ್ರಾಂ ಆಗುವುದು. ಕೂದಲೆಳೆಯಷ್ಟು ಬಿರುಕು ಸಿಕ್ಕಿದರೂ ಅದು ಒಳಗೆ ಬರುವುದು. ಇಂತಹ ನೀರನ್ನು ಎದುರಿಸಲು ಮನುಷ್ಯನು ಕಂಡುಕೊಂಡ ಉಪಾಯಗಳು ಮೂರು. ಮೂರೂ ಅತಿ ಪ್ರಾಚೀನವಾದುವು.

ಮೊದಲನೆಯದು ಗೋಡೆಗೆ ಲೇಪನದ ಕವಚವನ್ನು ತೊಡಿಸುವುದು. ಸಿಂಧೂ ನದಿಯ ಬಯಲಿನ ಮೊಹೆಂಜೊದಾರೊ ಪಟ್ಟಣದಲ್ಲಿ, ಈಗ್ಗೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ದೊಡ್ಡ ಸ್ನಾನಕುಂಡವೊಂದು ದೊರೆತಿದೆ. ಉದ್ದ ಸುಮಾರು ೩೯ ಅಡಿ, ಅಗಲ ೨೩ ಅಡಿ, ಆಳ ೮ ಅಡಿ. ಸುಟ್ಟ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸಿ, ಜಿಪ್ಸಮ್ ಗಾರೆಯಿಂದ ಬಂಧಿಸಿ, ಹಿಂಬದಿಗೆ ನೆಲದಲ್ಲಿ ದೊರೆಯುವ ಡಾಂಬರಿನ ಪದರವನ್ನು ಬಳಿದಿದ್ದರು. ಅಲ್ಲಿ ನೀರನ್ನು ಒಳಗೆ ನಿಲ್ಲಿಸಬೇಕಾಗಿದ್ದಿತು, ನೆಲಮಾಳಿಗೆಯಲ್ಲಿ ಹೊರಗೆ ನಿಲ್ಲಿಸಬೇಕು. ಉದ್ದೇಶವು ಬೇರೆಯಾದರೂ ವಿದ್ಯೆಯು ಒಂದೇ.

ಎರಡನೆಯದು ಗೋಡೆಯ ಗಾರೆಯನ್ನೇ ನೀರಿಗೆ ಜಗ್ಗದಂತೆ ಮಾಡುವುದು. ಬರಿಯ ಸುಣ್ಣದ ಗಾರೆಯು ನೀರಿನಲ್ಲಿ ಗಟ್ಟಿಯಾಗದು. ರೋಮಿನವರು ಜ್ವಾಲಾಮುಖಿಯ ಬೂದಿಮಣ್ಣನ್ನು ಸುಣ್ಣಕ್ಕೆ ಬೆರೆಸಿ ನೀರಿನೊಳಗೂ ಬಿಗಿಯುವ ಗಾರೆಯನ್ನು ಪಡೆದರು. ನಮ್ಮ ದೇಶದ ಗಾರೆಯವರು ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯಿಂದ ಅದೇ ಗುಣವನ್ನು ಸಾಧಿಸಿದರು. ೧೯೧೧ರಲ್ಲಿ ಕಾವೇರಿಗೆ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ಅಣೆಕಟ್ಟು ಸುರ್ಕಿಗಾರೆಯಿಂದಲೇ ಕಟ್ಟಲ್ಪಟ್ಟು ಇಂದಿಗೂ ನಿಂತಿದೆ. ಇಂಗ್ಲೆಂಡಿನಲ್ಲಿ ೧೮೨೪ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದ ಬಳಿಕ ಈ ಮಾರ್ಗವು ಕ್ರಮೇಣ ಲೋಕದಲ್ಲೆಲ್ಲ ಹರಡಿತು.

ಮೂರನೆಯದು ಎಲ್ಲಕ್ಕಿಂತ ವಿನಯದ ಮಾರ್ಗ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ವಿಟ್ರೂವಿಯಸ್ ಎಂಬ ರೋಮಿನ ಶಿಲ್ಪಶಾಸ್ತ್ರಜ್ಞನು ತನ್ನ ಗ್ರಂಥದ ಏಳನೆಯ ಭಾಗದಲ್ಲಿ ತೇವದ ಕೋಣೆಗಳನ್ನು ಕುರಿತು ವಿವರಿಸಿರುವನು. ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಮರಳಿಗೆ ಬದಲಾಗಿ ಸುಟ್ಟ ಮಣ್ಣಿನ ಪುಡಿಯ ಗಾರೆಯನ್ನು ಮೆತ್ತಬೇಕೆಂಬುದು ಅವನ ಮೊದಲ ಸಲಹೆ. ಗೋಡೆಯು ಸದಾ ತೇವದಿಂದಿದ್ದರೆ, ಅದರಿಂದ ತುಸು ದೂರದಲ್ಲಿ ತೆಳುವಾದ ಮತ್ತೊಂದು ಗೋಡೆಯನ್ನೆಬ್ಬಿಸಿ, ಎರಡರ ನಡುವೆ ಕೋಣೆಯ ನೆಲಕ್ಕಿಂತ ಕೆಳಗೆ ಕಾಲುವೆಯನ್ನು ಮಾಡಿ, ಅದಕ್ಕೆ ಹೊರದಾರಿಯನ್ನೂ ಮೇಲೆ ಗಾಳಿಗಂಡಿಗಳನ್ನೂ ಬಿಡಬೇಕೆಂಬುದು ಎರಡನೆಯದು. ಕೆಳಗೂ ಮೇಲೂ ದಾರಿಯಿಲ್ಲದಿದ್ದರೆ ತೇವವು ಹೊಸ ಗೋಡೆಯನ್ನೂ ವ್ಯಾಪಿಸುವುದೆಂದು ಅವನು ಕಾರಣವನ್ನೂ ತಿಳಿಸಿರುವನು. ನೀರು ಬಂದೇ ಬರುವುದೆಂದು ಒಪ್ಪಿ ಅದಕ್ಕೆ ಹೋಗುವ ದಾರಿಯನ್ನು ಮೊದಲೇ ಏರ್ಪಡಿಸುವುದೇ ಈ ಉಪದೇಶದ ಸಾರ.

ಈ ನೀರಿನ ಬಲವೆಷ್ಟೆಂಬುದನ್ನು ಲಂಡನ್ನಿನ ಥೇಮ್ಸ್ ಸುರಂಗದ ಚರಿತ್ರೆಯು ತೋರಿಸಿಕೊಡುತ್ತದೆ. ನೌಕೆಗಳು ಸಂಚರಿಸುವ ನದಿಯ ಅಡಿಯಲ್ಲಿ ಪೂರ್ಣಗೊಂಡ ಸುರಂಗಗಳಲ್ಲಿ ಅದೇ ಮೊದಲನೆಯದು. ಮಾರ್ಕ್ ಬ್ರುನೆಲ್ ಎಂಬ ಯಂತ್ರಶಾಸ್ತ್ರಜ್ಞನು ೧೮೨೫ರಲ್ಲಿ ಕೆಲಸವನ್ನಾರಂಭಿಸಿ, ತಾನೇ ಕಲ್ಪಿಸಿದ ಕಬ್ಬಿಣದ ಗುರಾಣಿಯ ಮರೆಯಲ್ಲಿ ಆಳುಗಳಿಂದ ಮಣ್ಣನ್ನು ಅಗೆಸುತ್ತ, ಹಿಂದೆ ಹಿಂದೆ ಇಟ್ಟಿಗೆಯ ಕಮಾನನ್ನು ಕಟ್ಟಿಸುತ್ತ ಸಾಗಿದನು. ೧೮೨೭ನೆಯ ಮೇ ತಿಂಗಳಲ್ಲಿ ನದಿಯು ಒಳನುಗ್ಗಿತು. ಅವನ ಮಗ ಇಸಂಬಾರ್ಡ್ ಬ್ರುನೆಲ್ ಮುಳುಗುಗಂಟೆಯಲ್ಲಿ ಕುಳಿತು ನದಿಯ ತಳಕ್ಕಿಳಿದು ಬಿರುಕನ್ನು ಪರೀಕ್ಷಿಸಿದನು. ಜೇಡಿಮಣ್ಣಿನ ಚೀಲಗಳಿಂದ ಅದನ್ನು ಮುಚ್ಚಲಾಯಿತು. ಆದರೆ ೧೮೨೮ನೆಯ ಜನವರಿ ೧೨ರಂದು ನದಿಯು ಮತ್ತೆ ನುಗ್ಗಿ ಆರು ಜನ ಕೆಲಸಗಾರರು ಪ್ರಾಣ ಕಳೆದುಕೊಂಡರು. ಮಗ ಬ್ರುನೆಲ್ ಕೂದಲೆಳೆಯಲ್ಲಿ ಪಾರಾದನು. ಹಣವೂ ಮುಗಿದು ಸುರಂಗದ ಬಾಯಿಗೆ ಗೋಡೆ ಹಾಕಲ್ಪಟ್ಟಿತು. ಏಳು ವರ್ಷಗಳ ಬಳಿಕ ಸರ್ಕಾರದ ಸಾಲದಿಂದ ಕೆಲಸವು ಮುಂದುವರಿದು, ೧೮೪೩ನೆಯ ಮಾರ್ಚ್ ೨೫ರಂದು ಸುರಂಗವು ಜನರಿಗೆ ತೆರೆಯಲ್ಪಟ್ಟಿತು. ೧೮೬೯ರಿಂದ ಅದರಲ್ಲಿ ರೈಲುಗಾಡಿಗಳು ಸಂಚರಿಸತೊಡಗಿದುವು. ಅಷ್ಟಾದರೂ ಒಸರು ನಿಲ್ಲಲಿಲ್ಲ. ೧೯೯೦ರ ದಶಕದಲ್ಲಿ ಬಹುಭಾಗಕ್ಕೆ ಒಳಗಿನಿಂದ ಕಾಂಕ್ರೀಟಿನ ಹೊದಿಕೆಯನ್ನು ಹಾಕಬೇಕಾಯಿತು.

ಇಂದಿನ ವಾಸ್ತುಶಾಸ್ತ್ರವೂ ಈ ಮೂರು ಮಾರ್ಗಗಳನ್ನು ಮೀರಿಲ್ಲ. ನೆಲಮಾಳಿಗೆಗಳ ರಕ್ಷಣೆಗಾಗಿ ೧೯೯೦ರಲ್ಲಿ ಪ್ರಕಟವಾದ ಬಿ.ಎಸ್. ೮೧೦೨ ಎಂಬ ಬ್ರಿಟಿಷ್ ನಿಯಮಾವಳಿಯು ಹೊದಿಕೆಯ ರಕ್ಷಣೆ, ನೀರನ್ನು ತಡೆವ ಕಾಂಕ್ರೀಟಿನ ಗೋಡೆ, ಒಳಗಾಲುವೆಯ ಮೂಲಕ ನೀರನ್ನು ಹೊರಸಾಗಿಸುವಿಕೆ ಎಂದು ಮೂರು ಬಗೆಗಳನ್ನೇ ಹೇಳುವುದು. ಒಂದು ಸೋತರೆ ಮತ್ತೊಂದು ಕಾಯುವಂತೆ ಎರಡನ್ನು ಕೂಡಿಸುವ ವಾಡಿಕೆಯೂ ಉಂಟು. ಇದರ ಕಾರಣವು ಸುಲಭಗ್ರಾಹ್ಯವಾಗಿದೆ. ಹೊರಗಡೆ ಬಳಿದ ಲೇಪನವು ಮಣ್ಣು ತುಂಬಿದ ಮೇಲೆ ಕಣ್ಣಿಗೆ ಕಾಣದು, ಹರಿದರೆ ತೇಪೆ ಹಾಕುವುದು ಕಷ್ಟ. ಗೋಡೆಯು ದೃಢವಾಗಿದ್ದರೂ ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವಣ ಕೂಡುಗೆರೆಯಲ್ಲಿ ನೀರು ಜಿನುಗಬಹುದು. ಕಾಲುವೆಯಾದರೋ ಕೈಗೆ ಸಿಕ್ಕುವಂತಹುದು, ಹೂಳನ್ನು ತೆಗೆದು ಮತ್ತೆ ನಡೆಯಿಸಬಹುದು. ಆದರೆ ಅದು ವರ್ಷವರ್ಷವೂ ಆರೈಕೆಯನ್ನು ಬೇಡುವುದು. ನೀರೆತ್ತುವ ಪಂಪು ಕೆಟ್ಟ ದಿನ ಕಾಲುವೆಯೇ ಕೆರೆಯಾಗುವುದು.

ಮಠಗಳಲ್ಲಿ ಓಲೆಗರಿಯ ಕಟ್ಟುಗಳೂ ದವಸದ ಚೀಲಗಳೂ ಇರುವುವು. ಅವುಗಳಿಗಾಗಿ ನೆಲದೊಳಗೆ ಕೋಣೆಯನ್ನು ಕಟ್ಟಬಯಸುವವರು ಹಗೇವು ತೋಡಿದವರಂತೆ ಮೊದಲು ನೆಲವನ್ನು ಪರೀಕ್ಷಿಸತಕ್ಕದ್ದು. ಬೇಸಗೆಯಲ್ಲಿ ಒಣಗಿ ಕಾಣುವ ಕುಣಿಯನ್ನು ನಂಬದೆ, ಒಂದು ಮಳೆಗಾಲ ಕಾದು, ಸಮೀಪದ ಬಾವಿಯ ನೀರು ಎಷ್ಟು ಮೇಲಕ್ಕೆ ಬರುವುದೆಂಬುದನ್ನು ನೋಡತಕ್ಕದ್ದು. ಆ ಮಟ್ಟವು ಕೋಣೆಯ ನೆಲಕ್ಕಿಂತ ಮೇಲಿದ್ದರೆ ಎಷ್ಟೇ ದಪ್ಪದ ಗೋಡೆಯನ್ನು ಕಟ್ಟಿದರೂ ನೀರಿಗೆ ಹೋಗುವ ದಾರಿಯೊಂದನ್ನು ಬಿಡದೆ ಕೆಲಸವನ್ನು ಮುಗಿಸತಕ್ಕದ್ದಲ್ಲ.